ಅತ್ತೆಯ ಬೆಲ್ಟಿಗೆ ಒತ್ತಿದ ಠಸ್ಸೆ

ನಾನು ಬೆಲ್ಟು ನೋಡುವ ನೌಕರ. ಊರಿನ ಕೆಲಸಗಾರರ ಬೆಲ್ಟುಗಳನ್ನು ತಿಂಗಳಿಗೊಮ್ಮೆ ನೋಡಿ, ಗಟ್ಟಿ ಇದ್ದದ್ದಕ್ಕೆ ನೇರಳೆ ಠಸ್ಸೆ, ಸವೆದದ್ದಕ್ಕೆ ಕೆಂಪು ಠಸ್ಸೆ ಒತ್ತುವುದು ನನ್ನ ಕೆಲಸ. ಹೆಸರು ಶೇಖಪ್ಪ. ಆದರೆ ಊರಲ್ಲಿ ಶೇಖಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಬೆಲ್ಟ ಸಾಹೇಬರ ಮನೆ ಎಂದರೆ ಎದ್ದು ಬಂದು ಬಾಗಿಲವರೆಗೆ ಬಿಟ್ಟು ಹೋಗುತ್ತಾರೆ. ಅದು ನನ್ನ ಮೇಲಿನ ಗೌರವ ಎಂದು ಬಹಳ ವರ್ಷ ತಿಳಿದಿದ್ದೆ. ಗೌರವ ಠಸ್ಸೆಯದು, ನಾನು ಅದನ್ನು ಹೊತ್ತು ತಿರುಗುವವನು ಎಂದು ತಿಳಿಸಿಕೊಟ್ಟವಳು ನನ್ನ ಹೆಂಡತಿ ಕಸ್ತೂರಿ.

ನಮ್ಮ ಊರಿನಲ್ಲಿ ಕೆಲಸದೊಳಗೆ ಮನಸ್ಸು ಹೊಕ್ಕಿತೆಂದರೆ ಮೈ ನೆಲ ಬಿಡುತ್ತದೆ. ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಬೆರಳು, ಆಮೇಲೆ ಇಡೀ ಮನುಷ್ಯ. ಮನಸ್ಸು ಬೇರೆ ಕಡೆ ಹೊರಳಿದರೆ ಮತ್ತೆ ನೆಲ. ಹಾಗಾಗಿ ಕೆಲಸದ ಜಾಗದಲ್ಲೆಲ್ಲ ನೆಲದಲ್ಲಿ ಕಬ್ಬಿಣದ ಬಳೆ ಹೂತಿರುತ್ತಾರೆ. ಬಳೆಗೆ ಕೊಂಡಿ, ಕೊಂಡಿಗೆ ಎರಡು ಮೊಳ ಹಗ್ಗ, ಹಗ್ಗಕ್ಕೆ ಭುಜ, ಎದೆ, ಸೊಂಟ, ತೊಡೆಗಳನ್ನು ಸುತ್ತುವ ಪಟ್ಟಿಗಳ ಬೆಲ್ಟು, ಬೆಲ್ಟಿನೊಳಗೆ ಮನುಷ್ಯ. ಎರಡು ಮೊಳ ಏರಿದವರು ತಟ್ಟನೆ ಎಚ್ಚರವಾದರೆ ಕಾಲು ಉಳುಕೀತು, ಅಷ್ಟೇ. ಕಟ್ಟು ಹರಿದವರು ಎಚ್ಚರವಾಗುವ ಹೊತ್ತಿಗೆ ಎಲ್ಲಿರುತ್ತಾರೋ ಹೇಳಲಾಗದು. ನಾನು ನೌಕರಿಗೆ ಸೇರುವ ಮೊದಲು ಒಬ್ಬ ಪತ್ತಾರ, ಮೂಗುತಿಗೆ ಹರಳು ಕೂಡಿಸುತ್ತ ಕೂಡಿಸುತ್ತ ಬೆಲ್ಟು ಹರಿದು ತೆಂಗಿನ ಮರದ ತುದಿ ದಾಟಿದ್ದನಂತೆ. ಅವನ ತಮ್ಮ ಕೆಳಗಿನಿಂದ ಅಣ್ಣಾ ಎಂದು ಕೂಗಿದ. ಪತ್ತಾರ ಕೆಳಗೆ ನೋಡಿದ. ಆ ಮನೆಯವರು ಇವತ್ತಿಗೂ ಚಿನ್ನದ ಕೆಲಸ ಮುಟ್ಟುವುದಿಲ್ಲ. ಕಟ್ಟು ಹರಿದವರನ್ನು ಕೂಗಬಾರದು, ಸಣ್ಣ ಸಣ್ಣ ಮಾತಾಡಿ ಮನಸ್ಸನ್ನು ಗೇಣು ಗೇಣಾಗಿ ಹೊರಗೆ ಎಳೆದು ಇಳಿಸಬೇಕು ಎಂದು ಅಂದಿನಿಂದ ನಮ್ಮಲ್ಲಿ ಮಕ್ಕಳಿಗೂ ಕಲಿಸುತ್ತಾರೆ.

ಇಂಥ ಊರಿನಲ್ಲಿ ಜನ ಮುಖಕ್ಕಿಂತ ಮೊದಲು ಬೆಲ್ಟು ನೋಡಿದರೆ ತಪ್ಪೇನಿಲ್ಲ. ಸವೆದ ಬೆಲ್ಟೆಂದರೆ ದುಡಿದ ಜೀವ. ಹೊಸ ಬೆಲ್ಟೆಂದರೆ, ಪಾಪ, ಏನೋ ಒಂದು ಕೆಲಸ ಅಂತ ಹೋಗಿ ಬರುತ್ತಾನೆ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಹುಡುಗಿಯ ಬೆಲ್ಟು ತರಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಹುಡುಗಿಯ ಕಡೆಯವರೇನು ಸುಮ್ಮನಿರುತ್ತಾರೆಯೇ, ಹುಡುಗನದನ್ನೂ ತರಿಸುತ್ತಾರೆ. ಅದಕ್ಕೇ ಲಗ್ನದ ಹಂಗಾಮಿನಲ್ಲಿ ಊರೊಳಗೆ ಒಂದು ಚೂರು ಇಟ್ಟಂಗಿ ಸಿಗುವುದಿಲ್ಲ. ಹಿತ್ತಲಲ್ಲಿ ಕೂತು ಇಟ್ಟಂಗಿಯಿಂದ ಬೆಲ್ಟು ಉಜ್ಜುವ ವರಮಹಾಶಯರನ್ನು ಎಷ್ಟೋ ಸಲ ಕಂಡು, ಕಾಣದವನ ಹಾಗೆ ಕೆಮ್ಮಿ ಮುಂದೆ ಹೋಗಿದ್ದೇನೆ. ಅವರು ಕೈಗೆ ಸಿಗುವ ಎದೆಯ ಕಡೆ ಮಾತ್ರ ಉಜ್ಜಿರುತ್ತಾರೆ. ನಿಜವಾಗಿ ಏರಿದವರ ಬೆಲ್ಟು ಸವೆಯುವುದು ಸೊಂಟದ ಹಿಂದೆ ಹಗ್ಗ ಕಟ್ಟುವ ಬಳೆಯ ಹತ್ತಿರ, ತೊಡೆಯ ಪಟ್ಟಿಯ ಒಳಮಗ್ಗುಲಲ್ಲಿ. ಅಲ್ಲಿಗೆ ಇಟ್ಟಂಗಿಯೂ ಹೋಗುವುದಿಲ್ಲ, ಅವರ ಬುದ್ಧಿಯೂ ಹೋಗುವುದಿಲ್ಲ.

ಬೆಲ್ಟು ಹಾಳಾಗಲು ದುಡಿಮೆಯೇ ಬೇಕೆಂದಿಲ್ಲ. ಬೆವರಿನ ಉಪ್ಪು ಒಳಗಿನಿಂದ ತಿನ್ನುತ್ತದೆ, ಬಿಸಿಲು ಹೊರಗಿನಿಂದ ತಿನ್ನುತ್ತದೆ. ಸುಣ್ಣ ಬಳಿಯುವವರದು ವರ್ಷದೊಳಗೆ ಬಿರುಸಾಗುತ್ತದೆ. ಅತಿ ಶುಚಿಯ ಹೆಂಗಸರು ಸೋಡಾ ಹಾಕಿ ಕುದಿಸಿ, ಬಂಡೆಗೆ ಬಡಿದು, ಬೆಳ್ಳಗೆ ಮಾಡಿ ತಂದು ಮೆಚ್ಚುಗೆಗೆ ಕಾಯುತ್ತ ನಿಲ್ಲುತ್ತಾರೆ, ಹೊಲಿಗೆಯೆಲ್ಲ ಸತ್ತಿರುತ್ತದೆ. ಉಪ್ಪಿನ ಆಸೆಗೆ ಇಲಿ ಕಡಿಯುತ್ತದೆ. ಕಚೇರಿಯ ಗುಮಾಸ್ತರ ಬೆಲ್ಟುಗಳಂತೂ ಕಿಟಕಿಯ ಮೊಳೆಗೆ ಹದಿನೈದು ವರ್ಷದಿಂದ ತೂಗುತ್ತಿವೆ. ನೋಡಲು ನಿನ್ನೆ ತಂದಂತೆ ಇರುತ್ತವೆ, ಮಡಚಿದರೆ ಹಪ್ಪಳದಂತೆ ಚರಕ್ ಎನ್ನುತ್ತವೆ. ಅವರಿಗೆ ಅದರಿಂದ ಅಪಾಯವೇನೂ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ತೇಪೆ. ಹೊಲಿದು ರಿಪೇರಿ ಮಾಡಿದ ಬೆಲ್ಟು ಕಂಡ ಕೂಡಲೇ ಕೆಂಪು ಠಸ್ಸೆ ಒತ್ತತಕ್ಕದ್ದು ಎಂದು ನಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಇದೆ. ಸೂಜಿ ಚುಚ್ಚಿದಲ್ಲೆಲ್ಲ ಪಟ್ಟಿಯ ಎಳೆ ಕಡಿಯುತ್ತದೆ. ಮೇಲೆ ಅಂದವಾಗಿ ಕಾಣುತ್ತದೆ, ಕೆಳಗೆ ತೂತಿನ ಸಾಲು.

ಇಷ್ಟೆಲ್ಲ ತಿಳಿದ ನಾನು ಸ್ವತಃ ಒಂದು ದಿನವೂ ನೆಲ ಬಿಟ್ಟವನಲ್ಲ. ಬೆಲ್ಟು ಕೈಯಲ್ಲಿದ್ದಾಗ ಮಧ್ಯಾಹ್ನದ ಊಟದ ನೆನಪು, ಊಟಕ್ಕೆ ಕೂತಾಗ ಮುರಿದ ಕುರ್ಚಿಯ ನೆನಪು. ನನ್ನ ಮಾತೂ ಹಾಗೆಯೇ, ಎಲ್ಲಿಂದಲೋ ಹೊರಟು ಎಲ್ಲಿಗೂ ಮುಟ್ಟುವುದಿಲ್ಲ, ಕೇಳಿದವರಿಗೆ ಆಕಳಿಕೆ ಬರುತ್ತದೆ ಎಂದು ಕಸ್ತೂರಿ ಹೇಳುತ್ತಾಳೆ. ಅವಳನ್ನು ನೋಡಲು ಹೋದ ದಿನ ಅವಳ ತಾಯಿ ನಿಂಬೆವ್ವ ನನ್ನ ಬೆಲ್ಟು ಕೇಳಿದರು. ನಮ್ಮಪ್ಪ, ತೊಳೆಯಲು ಕೊಟ್ಟಿದ್ದೇವೆ ಎಂದುಬಿಟ್ಟ. ನಿಂಬೆವ್ವ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಇರ್ಲಿ ಬಿಡ್ರಿ. ಮನ್ಯಾಗ ಒಬ್ಬರಾರ ನೆಲದ ಮ್ಯಾಲ ಇರಬೇಕು," ಎಂದರು. ಮದುವೆಯಾಯಿತು. ಆರು ವರ್ಷ ಆ ಮಾತಿನ ನೆರಳಿನಲ್ಲೇ ನಾನು ಅತ್ತೆಯ ಮುಂದೆ ಕೈಕಟ್ಟಿ ಕೂತೆ.

ನಿಂಬೆವ್ವ ನಮ್ಮ ಊರಿನ ಕೌದಿ ಮನೆಯ ಹಿರಿಯ ಹೊಲಿಗೆಯವರು. ಅಲ್ಲಿ ಇಪ್ಪತ್ತೆರಡು ಹೆಂಗಸರು ಬೆಳಕಿಗಾಗಿ ತೆರೆದ ಅಂಗಳದಲ್ಲಿ ಕೂತು, ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ನಿಂಬೆವ್ವನ ಹೊಲಿಗೆ ನೋಡಲು ಪಕ್ಕದ ಊರಿನಿಂದ ಬರುತ್ತಿದ್ದರು. ಅಕ್ಕಿ ಕಾಳು ಸಾಲಾಗಿಟ್ಟಂತೆ ಒಂದೇ ಅಳತೆಯ ಓಟದ ಹೊಲಿಗೆ. ಅವರ ಬೆಲ್ಟನ್ನು ನೋಡಲೂ ಬರುತ್ತಿದ್ದರು. ಮೂವತ್ತೊಂದು ವರ್ಷದ ಬೆಲ್ಟು. ಮೊದಲು ಹಳದಿ ಇತ್ತಂತೆ. ನಾನು ಕಾಣುವ ಹೊತ್ತಿಗೆ ಅದಕ್ಕೆ ಹೇಳಿಕೊಳ್ಳುವಂಥ ಬಣ್ಣ ಉಳಿದಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ಮೊದಲ ದಿನ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಹೋದ ತಿಂಗಳು ನಾನು ಪರೀಕ್ಷೆಗೆ ಹೋದಾಗ ಅತ್ತೆ ಬೆಲ್ಟು ಬಿಚ್ಚಿ ನನ್ನ ಮುಂದಿಟ್ಟರು. ಸೊಂಟದ ಬಳೆಯ ಹತ್ತಿರ ಪಟ್ಟಿ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಅದರ ಮೇಲೆ ಕೆಂಪು ನೀಲಿ ದಾರದಿಂದ ಕೌದಿಯ ಹೊಲಿಗೆ ಹಾಕಿದ್ದರು. ಅಂಗೈಯಗಲದ ಜಾಗದಲ್ಲಿ ಏನಿಲ್ಲೆಂದರೂ ಇನ್ನೂರು ಹೊಲಿಗೆ.

"ನೋಡ್ರಿ ಅಳಿಯಾರ, ಹೊಸಾದಕ್ಕಿಂತ ಗಟ್ಟಿ ಮಾಡೇನಿ," ಎಂದರು.

ಪಕ್ಕದಲ್ಲಿ ಕೂತಿದ್ದ ಹುಸೇನಬಿ ಸೂಜಿಯನ್ನು ಸೆರಗಿಗೆ ಚುಚ್ಚಿ ತಲೆ ಎತ್ತಿದಳು. ಅತ್ತೆ ಸೇರಿದ ವರ್ಷವೇ ಕೆಲಸಕ್ಕೆ ಸೇರಿದವಳು, ಅವರಿಗೆ ಎದುರು ಮಾತಾಡಬಲ್ಲ ಒಬ್ಬಳೇ ಒಬ್ಬಳು. ಅವಳೂ ಅವತ್ತು, "ಆಕಿ ಹೊಲಿಗಿಗೆ ಆನಿ ಕಟ್ಟಿದ್ರೂ ಹರಿಯಂಗಿಲ್ರಿ ಸಾಹೇಬ್ರ," ಎಂದಳು.

ನನ್ನ ಚೀಲದಲ್ಲಿ ಕೆಂಪು ಠಸ್ಸೆ ಇತ್ತು, ತಲೆಯಲ್ಲಿ ಕೈಪಿಡಿಯ ಮೊದಲ ಪುಟ ಇತ್ತು. ಪಟ್ಟಿಯನ್ನು ಬೆರಳ ಮೇಲೆ ಬಗ್ಗಿಸಿ, ಬೆಳಕಿಗೆ ಹಿಡಿದು, ಇಂಚು ಇಂಚಾಗಿ ನೋಡಬೇಕು. ನಾನು ಎರಡು ಬೆರಳಿನಿಂದ ಮುಟ್ಟಿದೆ, ಅಷ್ಟೇ. ಕೆಂಪು ಒತ್ತಿದರೆ ಇಪ್ಪತ್ತೊಂದು ಜನರ ಎದುರು ಅತ್ತೆಗೆ ಹೊಸ ಬೆಲ್ಟು ಬರುತ್ತದೆ. ನಿಂಬೆವ್ವನ ಕೈ ಕುಂದಿತಂತೆ ಎಂಬ ಸುದ್ದಿ ನನಗಿಂತ ಮೊದಲು ಸಂತೆಗೆ ಮುಟ್ಟುತ್ತದೆ. ಮನೆಯಲ್ಲಿ ಕಸ್ತೂರಿ ನನ್ನ ರೊಟ್ಟಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸುತ್ತಾಳೆ. ಇದೆಲ್ಲ ಸರಿ. ಇನ್ನೊಂದು ಮಾತನ್ನೂ ಹೇಳಬೇಕು, ಆ ಹೊಲಿಗೆ ಅಷ್ಟು ಚಂದ ಇತ್ತು. ಅಷ್ಟು ಚಂದದ ಕೆಲಸ ಸುಳ್ಳಾಗಿರಲಾರದು ಎಂದುಕೊಂಡು ನೇರಳೆ ಠಸ್ಸೆ ಒತ್ತಿದೆ. ಚಹಾ ಬಂತು, ಕುಡಿದು ಬಂದೆ.

ಆಗ ಕಸ್ತೂರಿಗೆ ಏಳು ತಿಂಗಳು. ಮದುವೆಯಾಗಿ ಆರನೇ ವರ್ಷಕ್ಕೆ ನಿಂತ ಕೂಸು. ಅತ್ತೆ ಮಾಡುತ್ತಿದ್ದ ಕೆಲಸವನ್ನೆಲ್ಲ ಬದಿಗಿಟ್ಟು ತೊಟ್ಟಿಲ ಕೌದಿಗೆ ಕೈ ಹಾಕಿದರು. ಕಸ್ತೂರಿಯ ಬಾಲ್ಯದ ಲಂಗ, ತೀರಿಹೋದ ಮಾವನ ರುಮಾಲು, ತಮ್ಮ ಮದುವೆಯ ಸೀರೆಯ ಮೆತ್ತಗಿನ ಭಾಗ, ಎಲ್ಲ ಸೇರಿಸಿದರು. ನನ್ನದೂ ಒಂದು ಅಂಗಿ ಕೇಳಿ ಒಯ್ದರು. ನಮ್ಮಲ್ಲಿ ಕೌದಿಯ ಮೂಲೆ ಬರಿದಿರಬಾರದು ಎನ್ನುತ್ತಾರೆ. ನಾಲ್ಕೂ ಮೂಲೆಯೊಳಗೆ ನಾಲ್ಕು ಜೋಳದ ಕಾಳು ಇಟ್ಟು, ಮೇಲೆ ತ್ರಿಕೋನದ ತುಂಡು ಹೊಲಿದು ಮುಚ್ಚುತ್ತಾರೆ. ಮೂಲೆ ತುಂಬಿದರೆ ಕೂಸಿನ ಹೊಟ್ಟೆ ತುಂಬಿರುತ್ತದಂತೆ. ಕೌದಿ ಮುಗಿಯುವುದು ನಾಲ್ಕನೇ ಮೂಲೆಯಲ್ಲಿ.

ಒಂದು ಬುಧವಾರ ಹುಸೇನಬಿ ದಾರಿಯಲ್ಲಿ ಸಿಕ್ಕಳು. "ನಿಮ್ಮತ್ತಿ ಈಗೀಗ ನಮ್ಮ ಕೈಗೇ ಸಿಗವಲ್ರು. ಮುಂಜಾನಿ ಏರಿದ್ರ ಮಧ್ಯಾಹ್ನ ರೊಟ್ಟಿಗೇ ಇಳ್ಯೂದು. ಹಗ್ಗ ಅನ್ನೂದು ತಂಬೂರಿ ತಂತಿ ಆಗೇತಿ ನೋಡ್ರಿ," ಎಂದು ನಕ್ಕಳು. ನಾನೂ ನಕ್ಕೆ. ನಾಲ್ಕು ಹೆಜ್ಜೆ ನಡೆದ ಮೇಲೆ ನಗು ಬರಲಿಲ್ಲ. ಜಗ್ಗುತ್ತಿರುವುದು ಹಗ್ಗವನ್ನಲ್ಲ, ಆ ಇನ್ನೂರು ತೂತುಗಳನ್ನು ಎಂದು ಹೊಳೆಯಿತು.

ಮರುದಿನ ಬೆಳಿಗ್ಗೆ ನಾಷ್ಟಾ ಬಿಟ್ಟು ಹೊರಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅತ್ತಿ, ಹೋದ ತಿಂಗಳ ಠಸ್ಸೆ ತಪ್ಪಾಗಿದೆ. ಅತ್ತಿ, ಮೇಲಿನವರ ಆದೇಶ ಬಂದಿದೆ. ಅತ್ತಿ, ನನ್ನ ನೌಕರಿ ಹೋಗುತ್ತದೆ. ಒಂದಕ್ಕಿಂತ ಒಂದು ಸುಳ್ಳು. ಕೌದಿ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಹೆಂಗಸರು ಗೇಣು, ಮೊಳ, ಒಂದೂವರೆ ಮೊಳ, ಅವರವರ ಮನಸ್ಸು ಹೊಕ್ಕಷ್ಟು ಎತ್ತರದಲ್ಲಿ ಹೊಲಿಯುತ್ತಿದ್ದರು. ನಡುವೆ ಅತ್ತೆ ಪೂರಾ ಎರಡು ಮೊಳ ಏರಿ, ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ನಾಲ್ಕನೇ ಮೂಲೆ ಹಿಡಿದಿದ್ದರು. ನಾನು ಹಿಂದಿನಿಂದ ಬಂದದ್ದರಿಂದ ಮೊದಲು ಕಂಡದ್ದು ಸೊಂಟದ ಬಳೆ. ಕೆಂಪು ನೀಲಿ ಹೊಲಿಗೆ ಇದ್ದ ಹಾಗೇ ಇತ್ತು. ಅದರ ಅಂಚಿನಲ್ಲಿ, ಹೊಲಿಗೆ ಮುಗಿದಲ್ಲಿ, ಬೆಳ್ಳಗೆ ಒಂದು ಗೆರೆ ಕಂಡಿತು. ಅತ್ತಿ ಎನ್ನಲು ಬಾಯಿ ತೆರೆದೆ. ಟಪ್ ಎಂದಿತು. ಹಗ್ಗ ಬಂದು ನನ್ನ ಪಾದದ ಮೇಲೆ ಬಿತ್ತು.

ಅತ್ತೆಗೆ ತಿಳಿಯಲಿಲ್ಲ. ತಲೆ ಬಗ್ಗಿಸಿ ಹೊಲಿಯುತ್ತಲೇ ಮೇಲಕ್ಕೆ ಹೋದರು. ಹಂಚಿನ ಸೂರು ದಾಟಿದರು. ಅಂಗಳದ ಬೇವಿನ ಮರದ ನಡುಗೊಂಬೆ ದಾಟಿದರು. ಅವರ ಮಡಿಲಿನಿಂದ ಕತ್ತರಿ ಜಾರಿ ಬಂದು ನನ್ನ ಪಕ್ಕದ ಹಾಸುಗಲ್ಲಿಗೆ ಬಡಿಯಿತು. ಕತ್ತರಿಯ ತುದಿ ಮುರಿಯಿತು. ಆಗ ಎತ್ತರವೆಷ್ಟು ಎಂದು ಎಲ್ಲರಿಗೂ ಅರ್ಥವಾಯಿತು. ಎಲ್ಲರ ಕಾಲೂ ನೆಲಕ್ಕೆ ಬಂತು, ಕೊಂಡಿ ಕಳಚಿಕೊಂಡರು.

ಹೊಸ ಹುಡುಗಿಯೊಬ್ಬಳ ಬಾಯಿಯಿಂದ ಕೂಗು ಹೊರಡುವುದರೊಳಗೆ ಹುಸೇನಬಿ ಅದನ್ನು ಅಂಗೈಯಿಂದ ಮುಚ್ಚಿದಳು. "ಯಾರೂ ಕೂಗಬ್ಯಾಡ್ರಿ," ಎಂದು ಪಿಸುಗುಟ್ಟಿ ನನ್ನ ಕಡೆ ತಿರುಗಿದಳು. "ಸಾಹೇಬ್ರ, ನೀವ ಮಾತಾಡ್ರಿ. ನಿಮ್ಮ ಮಾತ ಕೇಳಿದ್ರ ಎಂಥಾ ಗಟ್ಟಿ ಮನಸೂ ಕೆಲಸ ಬಿಟ್ಟ ಎದ್ದ ಹೋಗತೈತಿ." ಅವಳ ಮುಖದಲ್ಲಿ ಚೇಷ್ಟೆಯ ಸುಳಿವೂ ಇರಲಿಲ್ಲ.

ನಾನು ಮೇಲೆ ನೋಡಿದೆ. ಕಂಡದ್ದು ಎರಡು ಅಂಗಾಲು ಮತ್ತು ತೂಗಾಡುವ ಕೌದಿಯ ಒಂದು ಅಂಚು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ನಾಲಿಗೆಗೆ ಬಂದದ್ದನ್ನು ಆಡಿದೆ.

"ಅತ್ತಿ, ನಿನ್ನೆ ನಮ್ಮನ್ಯಾಗ ಉಪ್ಪಿನ ಡಬ್ಬಿ ಮುಚ್ಚಳ ಎಷ್ಟು ಹುಡುಕಿದ್ರೂ ಸಿಗಲಿಲ್ರಿ."

"ಹೂಂ," ಎಂದರು ಮೇಲಿನಿಂದ. ಒಂದು ಗೇಣು ಇಳಿದರು.

"ಆಮ್ಯಾಲ ಸಿಕ್ತು. ಬೆಲ್ಲದ ಡಬ್ಬಿ ಮ್ಯಾಲ ಕುಂತಿತ್ತು."

ಸೂಜಿ ಒಂದು ಕ್ಷಣ ತಡೆಯಿತು. "ಮತ್ತ ಬೆಲ್ಲದ ಡಬ್ಬಿ ಮುಚ್ಚಳ ಎಲ್ಲಿತ್ತು?"

"ಅದನ್ನ ಇನ್ನೂ ಹುಡುಕಾಕತ್ತೇವಿ."

ಅತ್ತೆ ಒಂದು ಮೊಳ ಇಳಿದರು. ಇಪ್ಪತ್ತೊಂದು ಹೆಂಗಸರು ಉಸಿರು ಬಿಟ್ಟರು. ನನಗೆ ಧೈರ್ಯ ಬಂತು. ಕಚೇರಿಯ ಕುರ್ಚಿಯ ಕಾಲು ಹೇಗೆ ಅಲುಗುತ್ತದೆ, ಅದರ ಕೆಳಗೆ ಮೊದಲು ಏನಿಟ್ಟೆ, ಆಮೇಲೆ ಏನಿಟ್ಟೆ ಎಂದು ಶುರು ಮಾಡಿದೆ. ಅದು ತಪ್ಪಾಯಿತು. ಅಡುಗೆಮನೆಯ ಮುಚ್ಚಳ ಅವರ ಲೋಕದ್ದು, ನನ್ನ ಕುರ್ಚಿ ಅವರಿಗೆ ಏನೂ ಅಲ್ಲ. ಅತ್ತೆ ಕುರ್ಚಿಯನ್ನು ಕಿವಿಗೆ ಹಾಕಿಕೊಳ್ಳದೆ ಮತ್ತೆ ಹೊಲಿಗೆಯೊಳಗೆ ಇಳಿದರು, ಅಂದರೆ ಮೇಲಕ್ಕೆ ಹೋದರು. ಈ ಸಲ ಬೇವಿನ ತುದಿಯವರೆಗೂ ಹೋದರು.

ಹುಸೇನಬಿ ನನ್ನ ತೋಳು ಹಿಡಿದಳು. ಮೂವತ್ತೊಂದು ವರ್ಷ ಜೊತೆಗೆ ಹೊಲಿದವಳಿಗೆ ಆ ತೋಳಿನ ಅಲುಗಾಟ ನೋಡಿಯೇ ಲೆಕ್ಕ ಸಿಗುತ್ತಿತ್ತು. "ಮೂಲಿ ಮುಗ್ಯಾಕ ಬಂತ್ರಿ. ಇನ್ನೊಂದು ಹದಿನೈದು ಹೊಲಿಗಿ," ಎಂದಳು.

ಕೆಲಸ ಮುಗಿದರೆ ಏನಾಗುತ್ತದೆ ಎಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯ ಗಂಟು ಹಾಕಿ, ದಾರ ಕಚ್ಚಿ, ಕೌದಿಯನ್ನು ಎತ್ತಿ ಹಿಡಿದು ನೋಡುವ ಕ್ಷಣಕ್ಕೆ ಮನಸ್ಸು ಇಡಿಯಾಗಿ ಮನೆಗೆ ಬರುತ್ತದೆ. ಬೇವಿನ ತುದಿಯ ಎತ್ತರದಲ್ಲಿ ಅದು ಬಂದರೆ ಕಸ್ತೂರಿಗೆ ನಾನು ಏನು ಹೇಳಲಿ? ಕಸ್ತೂರಿಯ ಹೆಸರು ಎತ್ತುವಂತಿಲ್ಲ, ಕೂಸಿನ ಹೆಸರು ಎತ್ತುವಂತಿಲ್ಲ, ಬೆಲ್ಟಿನ ಮಾತಂತೂ ಆಡುವಂತೆಯೇ ಇಲ್ಲ. ಯಾವುದು ಕಿವಿಗೆ ಬಿದ್ದರೂ ಕಲ್ಲಿನಂತೆ ಬೀಳುತ್ತಾರೆ. ಮನಸ್ಸು ಕೌದಿಯಲ್ಲೇ ಇರಬೇಕು, ಕೈ ಮಾತ್ರ ನಿಲ್ಲಬೇಕು. ಅಂಥ ಮಾತು ಒಂದೇ ಇತ್ತು. ಅದನ್ನು ನಮ್ಮ ಊರಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ನಾನಂತೂ ಕನಸಿನಲ್ಲೂ ಆಡುವವನಲ್ಲ.

"ಅತ್ತಿ," ಎಂದೆ, "ಆ ಮೂರನೇ ಮೂಲಿ ಹೊಲಿಗಿ ಸ್ವಲ್ಪ ಸೊಟ್ಟ ಬಂದಂಗ ಕಾಣತೈತಿ."

ಸೂಜಿ ನಿಂತಿತು. ಅತ್ತೆ ಆಳುದ್ದ ಜಾರಿದರು. ಹುಸೇನಬಿ ಕಣ್ಣು ಮುಚ್ಚಿಕೊಂಡಳು. ಆದರೆ ಅತ್ತೆಯ ಕೈ ಆಗಲೇ ಮೂರನೇ ಮೂಲೆ ಹುಡುಕಿ ಕಣ್ಣಿನ ಹತ್ತಿರ ಹಿಡಿದಿತ್ತು, ಹಾಗಾಗಿ ಗಾಳಿ ಅವರನ್ನು ಬಿಡಲಿಲ್ಲ.

"ಎಲ್ಲಿ?" ಎಂದರು.

"ಅಲ್ಲೇ. ಕೆಂಪ ತುಂಡಿನ ಬಾಜೂಕ."

"ಇಲ್ಲೇನೂ ಸೊಟ್ಟಿಲ್ಲ."

"ಕೆಳಗಿಂದ ಕಾಣತೈತ್ರಿ."

"ಕಾಣತೈತಂತ. ಅಂಗಿ ಗುಂಡಿ ಹರದ್ರ ಹಚ್ಚಾಕ ನನ್ನ ಮಗಳ ಬೇಕು ನಿಮಗ. ನೀವೇನ ಹೊಲಿಗಿ ಹೇಳ್ತೀರಿ?" ಬೇವಿನ ತುದಿಯಿಂದ ನಡುಗೊಂಬೆಗೆ ಬಂದರು.

"ನನಗ ಹೊಲ್ಯಾಕ ಬರಂಗಿಲ್ಲ ಖರೆ. ಆದ್ರ ಕಣ್ಣ ಅದಾವಲ್ರಿ."

"ಅದಾವ. ಪೊರಿ ಬಂದಾವ."

"ಎರಡನೇ ಮೂಲಿಗೆ ಹೋಲಿಸಿದ್ರ ಇದು ಎಡಕ್ಕ ವಾಲಿದಂಗೈತಿ."

"ಹನ್ನೆರಡ ವರ್ಷದ ಹುಡುಗಿ ಇದ್ದಾಗಿಂದ ಸೂಜಿ ಹಿಡದೇನಿ. ಇವತ್ತಿನ ತನಕಾ ಒಬ್ಬರೂ ಈ ಮಾತ ಅಂದಿಲ್ಲ." ಸೂರಿನ ಮಟ್ಟಕ್ಕೆ ಬಂದಿದ್ದರು. ಮುಖ ಕಾಣುತ್ತಿತ್ತು. ಅಷ್ಟು ಸಿಟ್ಟಿನ ಮುಖವನ್ನು ನೋಡಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

"ಅವ್ರೆಲ್ಲ ಅಂಜಿರಬೇಕ್ರಿ. ಹತ್ರ ಹಿಡದ ತೋರಸ್ರಿ, ಅಲ್ಲಿ ತನಕಾ ನಾ ಒಪ್ಪಂಗಿಲ್ಲ."

ಅದಾದ ಮೇಲೆ ಅತ್ತೆ ಇಳಿಯಲಿಲ್ಲ, ನನ್ನ ಕಡೆಗೆ ಗಾಳಿಯಲ್ಲೇ ನಡೆದುಕೊಂಡು ಬಂದರು. ಎರಡೂ ಪಾದ ನೆಲಕ್ಕೆ ತಾಗಿದ್ದು, ಮೂರನೇ ಮೂಲೆ ನನ್ನ ಮೂಗಿಗೆ ತಾಗಿದ್ದು ಒಟ್ಟಿಗೇ ಆಯಿತು. ಹುಸೇನಬಿ ಓಡಿ ಹೋಗಿ ಅವರ ಸೊಂಟ ತಬ್ಬಿಕೊಂಡಳು. ಇನ್ನಿಬ್ಬರು ಸೀರೆಯ ನೆರಿಗೆ ಹಿಡಿದು ನೆಲಕ್ಕೆ ಕೂತುಬಿಟ್ಟರು.

"ಎಲ್ಲಿ ಸೊಟ್ಟ, ತೋರಸ್ರಿ," ಎಂದರು ಅತ್ತೆ.

"ಎಲ್ಲೂ ಇಲ್ರಿ ಅತ್ತಿ," ಎಂದೆ. ಅಷ್ಟು ಹೇಳಿ ನನಗೆ ಅಳು ಬಂತು. ಇಪ್ಪತ್ತೊಂದು ಹೆಂಗಸರ ಎದುರು ನಿಂತು ಅತ್ತುಬಿಟ್ಟೆ.

ಆಗ ಅವರು ಸುತ್ತ ನೋಡಿದರು. ನೆಲದ ಮೇಲೆ ಬಿದ್ದ ಹಗ್ಗ, ತುದಿ ಮುರಿದ ಕತ್ತರಿ, ಬಿಗಿಹಿಡಿದ ಹುಸೇನಬಿ. ಕೈ ಹಿಂದೆ ಹಾಕಿ ಸೊಂಟ ತಡವಿದರು. ಬೆಲ್ಟು ಬಿಚ್ಚಿದರು. ಅವರು ಹಗ್ಗದ ತುದಿಯಲ್ಲಿ ಉಳಿದಿದ್ದ ತುಂಡನ್ನು ಎತ್ತಿಕೊಂಡು ಬೆಲ್ಟಿನ ಬಾಯಿಗೆ ಇಟ್ಟು ನೋಡಿದರು.

"ನನ್ನ ಹೊಲಿಗಿ ಬಿಟ್ಟಿಲ್ಲ," ಎಂದರು ಮೆಲ್ಲಗೆ.

"ಬಿಟ್ಟಿಲ್ರಿ. ಹೊಲಿಗಿ ಬಾಜೂಕ, ಸೂಜಿ ತೂತಿನ ಸಾಲು ಹಿಡದ ಹರದೈತಿ."

"ಹೋದ ತಿಂಗಳ ಠಸ್ಸಿ ಒತ್ತಿದ್ರಲ್ಲ. ಹೊಲಿಗಿ ನೋಡಿ ಒತ್ತಿದ್ರೋ, ನನ್ನ ಮಾರಿ ನೋಡಿ ಒತ್ತಿದ್ರೋ?"

"ಮಾರಿ ನೋಡಿ," ಎಂದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೇವಿನ ಕಟ್ಟೆಯ ಮೇಲೆ ಕೂತು, ಬೆಲ್ಟನ್ನು ಮಡಿಲಲ್ಲಿಟ್ಟು ಆ ಇನ್ನೂರು ಹೊಲಿಗೆಗಳ ಮೇಲೆ ಬೆರಳಾಡಿಸಿದರು. "ನಾನೂ ಅಂಜೇ ಹೊಲದಿದ್ದೆ," ಎಂದರು. "ಹೊಸಾದು ಕಟಗೊಂಡ್ರ ಮಂದಿ ಏನಂತಾರ ಅಂತ. ಪಟ್ಟಿ ಬಿಟ್ಟೈತಿ ಅಂತ ನನಗ ಗೊತ್ತಿತ್ತು. ನಲವತ್ತ ವರ್ಷ ಅರಿವಿ ಹಿಡದಾಕಿಗೆ ಗೊತ್ತಾಗಂಗಿಲ್ಲೇನು?" ಆಮೇಲೆ ಬೆಲ್ಟನ್ನು ನನ್ನ ಕಡೆ ಚಾಚಿ, "ಕೆಂಪ ಠಸ್ಸಿ ತಂದೀರೇನು?" ಎಂದು ಕೇಳಿದರು.

ತಂದಿದ್ದೆ. ಒತ್ತುವಾಗ ಪಟ್ಟಿ ಜಾರಿ ಠಸ್ಸೆ ಎರಡೆರಡಾಗಿ ಮೂಡಿತು. ಅವರೇ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಮತ್ತೊಮ್ಮೆ ಒತ್ತಿರಿ ಎಂದರು. ಒತ್ತಿದೆ. ಅವತ್ತು ಅಲ್ಲಿಯೇ ಕೂತು ಉಳಿದ ಇಪ್ಪತ್ತೊಂದನ್ನೂ ಬೆರಳ ಮೇಲೆ ಬಗ್ಗಿಸಿ ನೋಡಿದೆ. ಏಳಕ್ಕೆ ಕೆಂಪು ಬಿತ್ತು, ಹುಸೇನಬಿಯದಕ್ಕೂ ಬಿತ್ತು. ನಾಲ್ಕು ಬೆಲ್ಟುಗಳಲ್ಲಿ ಅತ್ತೆಯನ್ನು ನೋಡಿ ಕಲಿತ ತೇಪೆಗಳಿದ್ದವು. ಗೋದಾಮಿನಿಂದ ಹೊಸ ಬೆಲ್ಟುಗಳು ಬಂದವು.

ಮೂವತ್ತೊಂದು ವರ್ಷದ ಮೇಲೆ ಹೊಸ ಬೆಲ್ಟು ತೊಟ್ಟ ನಿಂಬೆವ್ವನನ್ನು ಯಾರೂ ನೆಟ್ಟಗೆ ನೋಡಲಿಲ್ಲ, ಓರೆಗಣ್ಣಿನಿಂದ ಎಲ್ಲರೂ ನೋಡಿದರು. ಪಟ್ಟಿ ಬಿರುಸಾಗಿ ಎದ್ದು ನಿಂತಿತ್ತು, ಉಸಿರಾಡಿದರೆ ಕಿರ್ ಎನ್ನುತ್ತಿತ್ತು. "ಮದಲಗಿತ್ತಿ ಆದೆಲ್ಲವಾ," ಎಂದಳು ಹುಸೇನಬಿ, ತನ್ನದೂ ಕಿರ್ ಎನ್ನುತ್ತಿದ್ದುದನ್ನು ಮರೆತು. ಅತ್ತೆ ನಗಲಿಲ್ಲ. ನೆಲದ ಬಳೆಗೆ ಕೊಂಡಿ ಹಾಕಿಕೊಂಡು, ಕೌದಿಯನ್ನು ತೊಡೆಗೆಳೆದುಕೊಂಡು ಉಳಿದ ಹದಿನೈದು ಹೊಲಿಗೆಗೆ ಕೂತರು. ಭುಜ ಕೆರೆದುಕೊಂಡರು, ಪಟ್ಟಿ ಸರಿಸಿದರು, ಮತ್ತೆ ಕೆರೆದುಕೊಂಡರು. ಹಿಮ್ಮಡಿ ನೆಲಕ್ಕೇ ಅಂಟಿಕೊಂಡಿತ್ತು. ನೆಲದ ಮೇಲೆ ಕೂತು ಹೊಲಿದ ನಿಂಬೆವ್ವನನ್ನು ಆ ಅಂಗಳ ಅದುವರೆಗೆ ಕಂಡಿರಲಿಲ್ಲ. ಕೊನೆಯ ಗಂಟು ಹಾಕಿದರು. ದಾರ ಕಚ್ಚಲಿಲ್ಲ. ನಾಲ್ಕನೇ ಮೂಲೆಯನ್ನು ನನ್ನ ಕಡೆ ಚಾಚಿದರು.

"ನೋಡ್ರಿ ಅಳಿಯಾರ. ಹೆಂಗ ಬಂದೈತಿ?"

ಇಪ್ಪತ್ತೊಂದು ಸೂಜಿಗಳು ನಿಂತವು. ನಾನು ಮೂಲೆಯನ್ನು ಬೆಳಕಿಗೆ ಹಿಡಿದೆ. ಒಂದೊಂದೇ ಹೊಲಿಗೆಯ ಮೇಲೆ ಉಗುರು ಇಟ್ಟು ಎಣಿಸಿದೆ. ಅವರ ಮುಖ ನೋಡಬೇಕೆನಿಸಿತು, ನೋಡಲಿಲ್ಲ.

"ಸೊಟ್ಟ ಬಂದೈತ್ರಿ ಅತ್ತಿ," ಎಂದೆ. "ಕಡೀ ಹತ್ತೂ ಸೊಟ್ಟ ಅದಾವ."

ಅತ್ತೆ ಮೂಲೆಯನ್ನು ವಾಪಸು ತೆಗೆದುಕೊಂಡು ತಾವೂ ಬೆಳಕಿಗೆ ಹಿಡಿದರು. "ಹೌದು," ಎಂದರು. ಸೂಜಿಯ ಮೊನೆಯಿಂದ ಗಂಟು ಬಿಡಿಸಿ ಹೊಲಿಗೆ ಬಿಚ್ಚತೊಡಗಿದರು. ಒಂದು ಬಿಚ್ಚಿದರು, ಎರಡು ಬಿಚ್ಚಿದರು. ಭುಜ ಕೆರೆದುಕೊಳ್ಳುವುದು ನಿಂತಿತು. ಹತ್ತನೆಯದನ್ನು ಬಿಚ್ಚಿ ಹೊಸದಾಗಿ ಮೊದಲ ಹೊಲಿಗೆ ಹಾಕುವ ಹೊತ್ತಿಗೆ ಅವರ ಹಿಮ್ಮಡಿ ನೆಲ ಬಿಟ್ಟಿತ್ತು, ಹೊಸ ಹಗ್ಗ ಮೆಲ್ಲಗೆ ಬಿಗಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತೆ.